ಆಕಾಶದಲ್ಲಿ ಹದಿನೇಳು ತಾಸು, ನೆಲದ ಮೇಲೆ ಐದು

ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು-ಇಟ್ಟಿಗೆಯ ಸೇತುವೆ ಮುಗಿದದ್ದು 1868ರಲ್ಲಿ. 14 ಕಮಾನು, ಒಂದೊಂದೂ 60 ಅಡಿ. ಅದಕ್ಕೆ ಮುಂಚೆ ಮಳೆಗಾಲದಲ್ಲಿ ಹರಿಗೋಲೇ ಗತಿ. ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ್ಯ. ಧಾರವಾಡ ಎಷ್ಟು ದೂರ ಅನ್ನುವುದು ಆಗ ಮೈಲಿಯ ಲೆಕ್ಕವಲ್ಲ, ಹೊಳೆಯ ಮರ್ಜಿ.

ಬೆಂಗಳೂರು-ಹರಿಹರ ರೈಲು ಮಾರ್ಗದ ಸ್ಟೇಷನ್ನುಗಳಲ್ಲಿ ಟಿಕೆಟ್ ಹರಿದು ಕೊಟ್ಟೇ ಬದುಕಿದವನು ನಾನು. ರೈಲಿನ ಪಕ್ಷಪಾತಿ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ತುಮಕೂರಿಗೆ ಹಳಿ ಬಂದದ್ದು 1884ರಲ್ಲಿ. ತಿಪಟೂರು, ಅರಸೀಕೆರೆ, ಬೀರೂರು ಹಾದು ಹರಿಹರ ಮುಟ್ಟುವಾಗ 1889. ಮೀಟರ್ ಗೇಜು, ಉಗಿ ಎಂಜಿನ್ನು. ನೀರಿಗಾದರೂ ಅದು ನಡುನಡುವೆ ನಿಲ್ಲಲೇಬೇಕು. ನಿಂತಲ್ಲಿ ಗೂಡ್ಸ್ ಶೆಡ್ಡು, ಶೆಡ್ಡಿನ ಸುತ್ತ ಮಂಡಿ, ದಲಾಲರು, ಹಮಾಲರು. ದಾವಣಗೆರೆ ಹತ್ತಿಯ ಊರಾಗಿ, ಮಿಲ್ಲುಗಳ ಊರಾಗಿ ಬೆಳೆದದ್ದರಲ್ಲಿ ಈ ನಿಲುಗಡೆಯ ಪಾಲು ಸಣ್ಣದಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿನ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪು ಸೇರಿದವು.

ನಾಡಿನ ನಡುವೆ ಇರುವುದು ರೈಲಿನ ಕಾಲಕ್ಕೆ ಭಾಗ್ಯ. ವಿಮಾನ ಬಂದಮೇಲೆ ಅದೇ ಮುಳುವಾಯಿತು. ಬೆಂಗಳೂರು, ಹುಬ್ಬಳ್ಳಿಗಳ ನಡುವಿನ ನಮ್ಮ ದಾವಣಗೆರೆಯಂಥ ಊರಿನಲ್ಲಿ ವಿಮಾನ ಯಾಕೆ ಇಳಿದೀತು?

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ನೇರ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ವಿಮಾನ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಪೈಲಟ್‌ಗಳೆಲ್ಲ ಹೆಂಗಸರೇ. ಸುಮಾರು 14,000 ಕಿ.ಮೀ., ಹತ್ತಿರಹತ್ತಿರ 17 ತಾಸು, ಉತ್ತರ ಧ್ರುವದ ಮೇಲಿಂದ. ಗೋಡೆಯ ನಕಾಶೆ ನೋಡಿದರೆ ಇದು ಸುತ್ತುಬಳಸು ಅನಿಸುತ್ತದೆ. ಮೊಮ್ಮಗನ ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿಹಿಡಿದೆ, ದಾರ ತಾನಾಗಿಯೇ ಹಿಮದ ಕಡೆ ಸರಿಯಿತು.

"ಅಪ್ಪಾಜಿ, ಇನ್ನು ಹದಿನೇಳೇ ತಾಸು" ಎಂದಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳು.

"ದೇವನಹಳ್ಳಿಯಿಂದ ಮನೆಗವ್ವಾ?"

ನಕ್ಕಳು. ಆಕಾಶದಲ್ಲಿ ತಾಸಿಗೆ 800 ಕಿ.ಮೀ. ದಾಟಿ ಬರುವವರು ಕೊನೆಯ 270 ಕಿ.ಮೀ.ಗೆ, ನಡುವೆ ಊಟ-ಚಹಾ ಸೇರಿಸಿ, ಐದು ತಾಸು ಕಾರಿನಲ್ಲಿ ಕೂರಬೇಕು. ಆದರೂ 2008ರ ಮೇ ತಿಂಗಳಿಗಿಂತ ಮುಂಚಿನ ಪಾಡಿಗೆ ಇದು ಸುಖವೇ. ಆಗ ವಿಮಾನ ಇಳಿಯುತ್ತಿದ್ದುದು ಹಳೆಯ ನಿಲ್ದಾಣವಾದ ಎಚ್‌ಎಎಲ್‌ನಲ್ಲಿ. ಇಡೀ ಬೆಂಗಳೂರನ್ನು ಅಡ್ಡ ಸೀಳಿಕೊಂಡು ಹೆದ್ದಾರಿ ಹಿಡಿಯಬೇಕಿತ್ತು. ಈಗ ನಮ್ಮೂರ ಡ್ರೈವರುಗಳು ಬೆಂಗಳೂರಿನ ಮುಖ ನೋಡದೆ ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆಗೆ ಬಂದುಬಿಡುತ್ತಾರೆ.

2023ರಲ್ಲಿ ಎರಡು ಸಂಗತಿ ನಡೆದವು. ಫೆಬ್ರುವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, 3.2 ಕಿ.ಮೀ. ರನ್‌ವೇ, ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರು. ಹಾರಾಟ ಒಂದು ತಾಸು. ಆದರೆ ದಾವಣಗೆರೆಯಿಂದ ಸೋಗಾನೆಗೆ ಹೋಗಿ, ತಪಾಸಣೆಗೆ ನಿಂತು, ಹಾರಿ, ಇಳಿಯುವ ಹೊತ್ತಿಗೆ ಕಾರೇ ದೇವನಹಳ್ಳಿಯ ಹತ್ತಿರ ಇರುತ್ತದೆ. ಜೂನ್‌ನಲ್ಲಿ ವಂದೇ ಭಾರತ್ ಓಡಿತು: ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು ಮೂರೂವರೆ ತಾಸು. ನನ್ನ ಪಕ್ಷ ಗೆದ್ದಿತು ಎಂದು ಬೀಗಿದೆ.

ಶುರುವಾದಾಗ ಅದರ ನಿಲುಗಡೆ ಯಶವಂತಪುರ, ದಾವಣಗೆರೆ, ಹುಬ್ಬಳ್ಳಿ. 1889ರಲ್ಲಿ ಯಾವ ಊರಿಗೆಂದು ಹಳಿ ಹಾಕಿದರೋ ಆ ಹರಿಹರದ ಹೆಸರು ಪಟ್ಟಿಯಲ್ಲಿರಲಿಲ್ಲ. ರೈಲೂ ವಿಮಾನದ ಬುದ್ಧಿ ಕಲಿಯುತ್ತಿದೆ.