ಮಾಯವಾದ ಮೇಲೆ ತೆರೆಯುವ ಲೋಕ: ಪಾಡ್ದನದ ಸಹಕರ್ತೃತ್ವ ಮತ್ತು ಸ್ವತಂತ್ರ ಸೂಪರ್‌ಹೀರೋ ಕಾಮಿಕ್ಸ್

ಕಾರ್ಕಳದ ಗೊಮ್ಮಟ ಪ್ರತಿಷ್ಠೆಯಾದದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವಿನ ಈ 172 ವರ್ಷಗಳನ್ನು ಕಲ್ಕುಡ ದೈವದ ಕತೆ ಹಾಡುವ ತುಳು ಪಾಡ್ದನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರ ಪ್ರಕಾರ ಎರಡನ್ನೂ ಕೆತ್ತಿದವನು ಬೀರ ಕಲ್ಕುಡ ಒಬ್ಬನೇ. ಇಂಥ ಮೂರ್ತಿ ಇನ್ನೆಲ್ಲೂ ಏಳಬಾರದೆಂದು ಕಾರ್ಕಳದ ಭೈರರಸ ಅವನ ಎಡಗೈ ಬಲಗಾಲು ಕಡಿಸುತ್ತಾನೆ. ಉಳಿದೊಂದು ಕೈ, ಉಳಿದೊಂದು ಕಾಲಿನಲ್ಲಿ ಅವನು ವೇಣೂರು ಮುಟ್ಟಿ ಮತ್ತೊಂದು ಗೊಮ್ಮಟನನ್ನು ನಿಲ್ಲಿಸುತ್ತಾನೆ. ಅಣ್ಣನ ಪಾಡು ಕಂಡು ತಂಗಿ ಕಲ್ಲುರ್ಟಿ ಕೆರಳುತ್ತಾಳೆ. ಇಬ್ಬರೂ ಮಾಯವಾಗುತ್ತಾರೆ, ದೈವಗಳಾಗಿ ಕಾರ್ಕಳದ ಅರಮನೆಯನ್ನು ಕಾಡುತ್ತಾರೆ. ಕೆಲವು ಪಾಠಗಳಲ್ಲಿ ಇವರ ತಂದೆ ಶಂಭು ಕಲ್ಕುಡ ಬೆಳ್ಗೊಳದಲ್ಲಿ ಕೆಲಸ ಮಾಡಿದವನು. ಅಲ್ಲಿನ ಗೊಮ್ಮಟ ಹತ್ತನೆಯ ಶತಮಾನದವನಾದ್ದರಿಂದ, ಎರಡೇ ತಲೆಮಾರು ಆರು ಶತಮಾನಗಳನ್ನು ದಾಟಿದಂತಾಯಿತು.

ಅನ್ಯಾಯ, ಅಂಗಭಂಗ, ಅಮಾನುಷ ಶಕ್ತಿ, ಸೇಡು: ಸೂಪರ್‌ಹೀರೋ ಕಾಮಿಕ್ಸ್ ಓದಿದವರಿಗೆ ಈ ಸರಣಿ ಅಪರಿಚಿತವಲ್ಲ. ಆದರೆ ಕಲ್ಕುಡನನ್ನು ‘ನಮ್ಮ ಸೂಪರ್‌ಹೀರೋ’ ಎಂದು ಕರೆದು ಬೆನ್ನು ತಟ್ಟಿಕೊಳ್ಳುವುದು ಸುಲಭ, ಅದರಿಂದ ತಿಳಿಯುವುದು ಕಡಿಮೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಉಡುಪಿ–ಮಣಿಪಾಲದ ನಾಲ್ಕಾರು ಗೆಳೆಯರು ಕಂಪನಿಯ ಹಂಗಿಲ್ಲದೆ ಒಂದು ಸೂಪರ್‌ಹೀರೋ ಲೋಕವನ್ನು ಕೂಡಿ ಕಟ್ಟಹೊರಟರೆ, ಆ ಲೋಕ ಒಡೆಯದಂತೆ ಹಿಡಿದಿಡುವುದು ಯಾವುದು? ಪ್ರಧಾನ ಸಂಪಾದಕನಿಲ್ಲದೆ, ಒಬ್ಬರಿಗೊಬ್ಬರು ಪರಿಚಯವೂ ಇಲ್ಲದ ನೂರಾರು ಜನ ಹಾಡಿ, ಕಟ್ಟಿ, ಕುಣಿದು ಬೆಳೆಸಿದ ಲೋಕವೊಂದು ಅವರ ಮನೆಯಂಗಳದಲ್ಲೇ ಇದೆ. ಅದರ ಒಳಗಟ್ಟನ್ನು ನೋಡುವುದು ಈ ಲೇಖನದ ಉದ್ದೇಶ.

ಕಾಲದ ತೊಡಕು ಕಾಮಿಕ್ಸಿಗೂ ಉಂಟು. 1962ರಲ್ಲಿ ಹೈಸ್ಕೂಲು ಹುಡುಗನಾಗಿದ್ದ ಸ್ಪೈಡರ್‌ಮ್ಯಾನ್ ಇಂದಿಗೂ ಮುದುಕನಾಗಿಲ್ಲ. ಕಂಪನಿ ಅವನ ಹುಟ್ಟನ್ನೇ ಮುಂದೆ ಮುಂದೆ ತಳ್ಳುತ್ತ ಬಂದಿದೆ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಹೆಚ್ಚು ಜಾಣ. ತಂದೆಯ ವೇಷ ಮಗನಿಗೆ ಬರುತ್ತದೆ, ಕಾಡಿನವರಿಗೆ ಅವನು ಸಾವಿಲ್ಲದವನು, ಈಗಿನವನು ಇಪ್ಪತ್ತೊಂದನೆಯವನು. ದೈವ ಕಟ್ಟುವವರು ತೊಡುವ ಅಣಿ, ಮೊಗ, ಗಗ್ಗರಗಳು ತಲೆಮಾರಿನಿಂದ ತಲೆಮಾರಿಗೆ ದಾಟುವ ನಾಡಿನಲ್ಲಿ ಈ ಉಪಾಯಕ್ಕೆ ವಿವರಣೆ ಬೇಕಿಲ್ಲ. ಫ್ಯಾಂಟಮ್‌ನನ್ನು 1964ರಲ್ಲಿ ಭಾರತದ ಮನೆಮನೆಗೆ ತಂದ ಇಂದ್ರಜಾಲ ಕಾಮಿಕ್ಸ್‌ನ ಆರಂಭದ ದಿನಗಳಲ್ಲಿ ದುಡಿದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ (1929–2011). ಇಂದ್ರಜಾಲದ ಪುಟಗಳಲ್ಲಿ ಮೂಲದ ‘ಬೆಂಗಾಲ’ ದೇಶ ‘ಡೆಂಕಾಲಿ’ಯಾಯಿತು, ಕಡಲ್ಗಳ್ಳರಾದ ‘ಸಿಂಗ್’ ಗುಂಪು ‘ಸಿಂಗ’ ಆಯಿತು. ಓದುಗರಿಗೆ ನೋವಾಗದಿರಲೆಂದು ಮಾಡಿದ ಈ ತಿದ್ದುಪಡಿಗಳಿಂದ ಫ್ಯಾಂಟಮ್‌ನ ಲೋಕ ಕುಸಿಯಲಿಲ್ಲ. ಹೆಸರು ಬದಲಾದರೂ ವೇಷ, ಉಂಗುರ, ಆಣೆ ಬದಲಾಗಿರಲಿಲ್ಲವಲ್ಲ.

ಪೈಗಳ ಅಮರ ಚಿತ್ರಕಥೆಯ ಮೊದಲ ಸಂಚಿಕೆಗಳು ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದವು. ಇಂಗ್ಲಿಷ್ ಸರಣಿ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಶುರುವಾಯಿತು. ರಾಮ್ ವಾಯಿರ್ಕರ್ ಮೊದಲಾದ ಚಿತ್ರಕಾರರು, ಹಲವು ಬರಹಗಾರರು ಅಲ್ಲಿ ದುಡಿದರು, ನಿಜ. ಆದರೆ ಕೊನೆಯ ಮಾತು ಸಂಪಾದಕರದೇ, ಕತೆಯೂ ಸಂಚಿಕೆಯೊಂದಿಗೇ ಮುಗಿಯುತ್ತಿತ್ತು. ನಮ್ಮ ಗೆಳೆಯರಿಗೆ ಬೇಕಾದ ಮಾದರಿ ಇದಲ್ಲ.

ಬೇಕಾದ ಮಾದರಿಗಾಗಿ ಒಂದು ನೇಮವನ್ನು, ಎಂದರೆ ದೈವದ ರಾತ್ರಿಯ ಆರಾಧನೆಯನ್ನು, ಹತ್ತಿರದಿಂದ ನೋಡೋಣ. ದೈವ ಕಟ್ಟುವವರು ಎಣ್ಣೆಬೂಳ್ಯ (ಎಣ್ಣೆ ಮತ್ತು ವೀಳ್ಯ) ಸ್ವೀಕರಿಸಿದ ಮೇಲೆಯೇ ಅವರಿಗೆ ಆ ರಾತ್ರಿಯ ಅಧಿಕಾರ. ಮುಖಕ್ಕೆ ಅರದಾಳ ಹಚ್ಚಿಕೊಳ್ಳುವಾಗ ಅವರ ಮನೆಯ ಹೆಂಗಸರು ತೆಂಬರೆ ಬಾರಿಸುತ್ತ ಸಂಧಿ, ಎಂದರೆ ಪಾಡ್ದನ, ಹೇಳುತ್ತಾರೆ. ದೈವದ ಹುಟ್ಟು, ಪಯಣ, ನೆಲೆ ಎಲ್ಲ ಅದರಲ್ಲಿದೆ. ತೆಂಗಿನ ಎಳೆಗರಿಯ ಸಿರಿಯನ್ನು ಸಿದ್ಧಪಡಿಸುವವರು ಒಬ್ಬರು, ಬಟ್ಟೆ ಒದಗಿಸುವ ಮಡಿವಾಳರು ಇನ್ನೊಬ್ಬರು, ಮದಿಪು (ದೈವದೆದುರಿನ ಬಿನ್ನಹ) ಹೇಳುವವರು ಮತ್ತೊಬ್ಬರು. ಕೊನೆಗೆ ದೈವ ನುಡಿ ಕೊಡುತ್ತದೆ, ಊರಿನ ಯಜಮಾನ ಮನೆತನದವರಾದ ಗುತ್ತಿನವರು ಎದುರು ನಿಂತು ಕೇಳುತ್ತಾರೆ, ಒಪ್ಪುತ್ತಾರೆ, ಕೆಲವೊಮ್ಮೆ ವಾದಿಸುತ್ತಾರೆ. ಕತೆ ಇವರಲ್ಲಿ ಯಾರ ಕೈಯಲ್ಲೂ ಇಡಿಯಾಗಿ ಇಲ್ಲ. ‘ಇದು ಹೀಗಲ್ಲ’ ಎನ್ನುವ ಹಕ್ಕು ಮಾತ್ರ ಪ್ರತಿಯೊಬ್ಬರಿಗೂ ಅವರವರ ಮಟ್ಟಿಗೆ ಇದೆ. ಈ ಹಂಚಿಕೆಯ ಹಿಂದೆ ಜಾತಿಯ ಕಟ್ಟುನಿಟ್ಟಿನ ಶ್ರೇಣಿಯಿದೆ ಎಂಬುದನ್ನು ಮರೆತು ಇದನ್ನು ಸಮಾನರ ಸಹಕಾರವೆಂದು ಹೊಗಳುವುದು ಅಪ್ರಾಮಾಣಿಕ. ಶ್ರೇಣಿಯನ್ನು ಕಳಚಿ ಹಂಚಿಕೆಯನ್ನಷ್ಟೇ ಉಳಿಸಿಕೊಳ್ಳಬಹುದೇ ಎಂಬುದು ನಮ್ಮ ಪ್ರಶ್ನೆಯ ಭಾಗವೇ.

ಪಾಡ್ದನಗಳ ಅಧ್ಯಯನದಲ್ಲಿ ಉಡುಪಿಗೆ ದೊಡ್ಡ ಪಾಲಿದೆ. ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದ ಒಡನಾಟದಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ತುಳುನಾಡಿಗೆ ಬಂದರು. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಅವರು 1990ರಲ್ಲಿ ಗೋಪಾಲ ನಾಯ್ಕರಿಂದ ದಾಖಲಿಸಿಕೊಂಡ ಸಿರಿ ಪಾಡ್ದನ 15,683 ಸಾಲುಗಳಾಗಿ 1998ರಲ್ಲಿ ಪ್ರಕಟವಾಯಿತು. ಹೊಂಕೊ ಹೇಳುವಂತೆ ಹಾಡುಗಾರನ ಮನಸ್ಸಿನಲ್ಲಿರುವುದು ಬಾಯಿಪಾಠವಲ್ಲ, ಅಲ್ಲಿ ಒಂದು ಮನೋಪಠ್ಯವಿದೆ. ಎಲ್ಲರ ಪಾಲಿಗಿರುವ ಪರಂಪರೆಯ ಸಂಗ್ರಹದಿಂದ ತನಗೆ ಬೇಕಾದ್ದನ್ನು ತೆಗೆದುಕೊಂಡು ಅವನು ಅದನ್ನು ಕಟ್ಟಿಕೊಂಡಿರುತ್ತಾನೆ. ಈ ಮಾತು ಹಾಡುಗಾರನ ಒಳಗನ್ನು ಚೆನ್ನಾಗಿ ಬಿಡಿಸುತ್ತದೆ. ಊರು ಊರಿನ ನಡುವೆ ಕತೆ ಹೇಗೆ ಹಂಚಿಹೋಗುತ್ತದೆ ಎಂಬುದಕ್ಕೆ ಇದಷ್ಟೇ ಸಾಲದು ಎಂದು ನನ್ನ ಅನಿಸಿಕೆ.

ಆ ಗುಟ್ಟು ಪಾಡ್ದನದ ಎರಡು ಭಾಗಗಳಲ್ಲಿದೆ. ವೀರನ ಹುಟ್ಟಿನಿಂದ ಮಾಯದವರೆಗಿನದು ಒಂದು. ಮಾಯವಾದ ಮೇಲೆ ದೈವವಾಗಿ ಊರೂರು ಸುತ್ತಿ ನೆಲೆಯಾಗುವುದು ಇನ್ನೊಂದು. ಕೋಟಿ–ಚೆನ್ನಯರನ್ನೇ ನೋಡಿ. ಪಡುಮಲೆಯ ದೇಯಿ ಬೈದೆತಿಯ ಅವಳಿ ಮಕ್ಕಳು, ಬುದ್ಯಂತನೊಡನೆ ಹಗೆ, ಬಲ್ಲಾಳನೊಡನೆ ಮುನಿಸು, ಎಣ್ಮೂರಿನ ಕಾಳಗದಲ್ಲಿ ಕೊನೆ. ಯಾವ ಊರಿನ ಗರಡಿಯೂ ಈ ಚೌಕಟ್ಟನ್ನು ಮುರಿಯುವುದಿಲ್ಲ, ಒಳಗಿನ ವಿವರ ಹೆಚ್ಚುಕಡಿಮೆ ಆಗಬಹುದು. ಆದರೆ ‘ಬೈದ್ಯರು (ಕೋಟಿ–ಚೆನ್ನಯರು) ನಮ್ಮಲ್ಲಿಗೆ ಹೇಗೆ ಬಂದರು’ ಎಂಬ ಅಧ್ಯಾಯ ಆಯಾ ಊರಿನ ಸ್ವಂತದ್ದು. ದೈವವೊಂದು ಘಟ್ಟದಿಂದ ಮರಳುವವರ ಬೆನ್ನು ಹಿಡಿದು ಬರುತ್ತದೆ, ದನಕರುಗಳಿಗೆ ಕಾಯಿಲೆ ತರುತ್ತದೆ, ಬಲ್ಮೆಯ ಪ್ರಶ್ನೆಯಲ್ಲಿ ತನ್ನ ಹೆಸರು ಹೇಳಿಸಿಕೊಳ್ಳುತ್ತದೆ, ಸ್ಥಾನ ಕಟ್ಟಿಸಿಕೊಳ್ಳುತ್ತದೆ. ಸಾವಿರ ಊರುಗಳು ಇಂಥ ಸಾವಿರ ಅಧ್ಯಾಯ ಸೇರಿಸಿದರೂ ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಲಿಕೋಲದಲ್ಲಿ ಹುಲಿ ಜನರನ್ನು ಅಟ್ಟಿಸಿಕೊಂಡು ಹೋಗುತ್ತದೆ, ಮುಟ್ಟಿಸಿಕೊಂಡವರಿಗೆ ಕೇಡೆಂಬ ನಂಬಿಕೆ. ಆ ನಿಯಮ ಕಾಪುವಿನದು. ಬೇರೆ ಊರಿನ ಪಿಲಿಚಾಮುಂಡಿಗೆ ಅದರ ಹಂಗಿಲ್ಲ. ಬಾಸೆಲ್ ಮಿಶನ್ನಿನ ಎ. ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಅಚ್ಚಾದ ಪಾಠವೇ ಅಧಿಕೃತವಾಗಿಬಿಡಲಿಲ್ಲ, ಪ್ರಮಾಣ ಆಯಾ ಊರಿನ ದೈವಸ್ಥಾನದಲ್ಲೇ ಉಳಿಯಿತು.

ಅಮೆರಿಕದ ಕಾಮಿಕ್ಸ್ ನಡೆದದ್ದು ಇದರ ತಿರುವುಮುರುವಾಗಿ. ಅಲ್ಲಿ ಹುಟ್ಟಿನ ಕತೆ ಮತ್ತೆ ಮತ್ತೆ ತಿದ್ದಲ್ಪಡುತ್ತದೆ, ಕೊನೆ ಬರುವುದೇ ಇಲ್ಲ. 1992ರಲ್ಲಿ ಭಾರೀ ಸದ್ದಿನೊಂದಿಗೆ ಸತ್ತ ಸೂಪರ್‌ಮ್ಯಾನ್ ಮರುವರ್ಷ ಎದ್ದು ಬಂದ. (ಮಾರಾಟದ ದೃಷ್ಟಿಯಿಂದ ಎರಡೂ ಲಾಭವೇ.) ಕೊನೆಯಿಲ್ಲದ ನಾಯಕನ ಬದುಕಿನೊಳಗೆ ಹಲವರು ಬರೆಯತೊಡಗಿದರೆ ಒಬ್ಬ ಬರೆದದ್ದು ಇನ್ನೊಬ್ಬನ ಕಾಲಿಗೆ ತೊಡರುತ್ತದೆ. ಬಿಡಿಸಲು ಕಂಪನಿಯೇ ಬೇಕಾಗುತ್ತದೆ, ಕಂಪನಿಯ ಬೆಲೆಯೂ ಗೊತ್ತಿರುವುದೇ: ಸೂಪರ್‌ಮ್ಯಾನ್‌ನ ಸೃಷ್ಟಿಕರ್ತರಾದ ಸೀಗೆಲ್ ಮತ್ತು ಶಸ್ಟರ್ 1938ರಲ್ಲಿ ಅವನ ಹಕ್ಕನ್ನು ಮಾರಿದ್ದು 130 ಡಾಲರಿಗೆ.

ಹಾಗಾಗಿ ಸ್ವತಂತ್ರ ಕಾಮಿಕ್ಸ್ ತಂಡ ಪಾಡ್ದನದ ಕ್ರಮವನ್ನು ಪರೀಕ್ಷಿಸಿ ನೋಡಬೇಕು. ಮೊದಲು ಎಲ್ಲರೂ ಕೂತು ನಾಯಕಿಯ ಬದುಕನ್ನು ಹುಟ್ಟಿನಿಂದ ಮಾಯದವರೆಗೆ ಬರೆದು ಮುಗಿಸಿಬಿಡುವುದು. ಅದನ್ನು ಮುಂದೆ ಯಾರೂ ಮುಟ್ಟುವಂತಿಲ್ಲ. ಆಮೇಲಿನ ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಊರು: ಒಬ್ಬರಿಗೆ ಮಲ್ಪೆಯ ಬಂದರು, ಒಬ್ಬರಿಗೆ ಕಾರ್ಕಳದ ಆನೆಕೆರೆ, ಇನ್ನೊಬ್ಬರಿಗೆ ಕಾಪುವಿನ ದೀಪಸ್ತಂಭ. ತಮ್ಮ ಊರಲ್ಲಿ ಅವರದೇ ಮಾತು, ಪಕ್ಕದೂರಿಗೆ ಕಾಲಿಡಬೇಕಾದರೆ ಅಲ್ಲಿಯವರನ್ನು ಕೇಳಬೇಕು. ಜಾರ್ಜ್ ಆರ್.ಆರ್. ಮಾರ್ಟಿನ್ ಸಂಪಾದಕತ್ವದಲ್ಲಿ 1987ರಿಂದ ಬರುತ್ತಿರುವ ‘ವೈಲ್ಡ್ ಕಾರ್ಡ್ಸ್’ ಕಥಾಸರಣಿಯಲ್ಲಿ ಪ್ರತಿ ಪಾತ್ರವೂ ಅದನ್ನು ಹುಟ್ಟಿಸಿದ ಲೇಖಕರದೇ. ಬೇರೆಯವರು ಬಳಸಲು ಒಪ್ಪಿಗೆ ಬೇಕು. ಅಲ್ಲಿ ಹಕ್ಕು ಪಾತ್ರಕ್ಕೆ ಅಂಟಿದೆ, ಇಲ್ಲಿ ಜಾಗಕ್ಕೆ. ಹೊಸ ಚಿತ್ರಕಾರ ಸೇರಿದಾಗ ಅವನಿಗೊಂದು ಊರು ಕೊಟ್ಟರೆ ಸಾಕು, ಹಳಬರ ಪಾತ್ರಗಳನ್ನು ಪಾಲು ಮಾಡಬೇಕಿಲ್ಲ.

ಒಂದು ಎಚ್ಚರ. ತರಬೇಕಾದದ್ದು ಈ ಕಟ್ಟುಕಟ್ಟಳೆಯನ್ನು, ದೈವಗಳನ್ನಲ್ಲ. 2022ರ ‘ಕಾಂತಾರ’ ಚಲನಚಿತ್ರದ ನಂತರ ವೇದಿಕೆ ವೇದಿಕೆಗಳಲ್ಲಿ ದೈವದ ಅನುಕರಣೆ ನಡೆದಾಗ ದೈವಾರಾಧಕರಿಂದ ಬಂದ ಆಕ್ಷೇಪವನ್ನು ಬರೀ ಮಡಿವಂತಿಕೆಯೆಂದು ತಳ್ಳಿಹಾಕಲಾಗದು. ಎಣ್ಣೆಬೂಳ್ಯ ಪಡೆಯದೆ ಅಣಿ ಕಟ್ಟುವ ಅಧಿಕಾರ ಯಾರಿಗೂ ಇಲ್ಲ ಎಂಬ ನಿಯಮವನ್ನು ಅವರು ನೆನಪಿಸುತ್ತಿದ್ದರು. ಕಲ್ಕುಡನಿಗೆ ಕೇಪ್ ತೊಡಿಸುವ ತಂಡ ತಾನು ಕಲಿಯಹೊರಟ ಪದ್ಧತಿಯ ಮೊದಲ ನಿಯಮವನ್ನೇ ಮುರಿದಂತೆ. ಅದಕ್ಕೆ ಬೇಕಾದದ್ದು ತನ್ನದೇ ಆದ ಹೊಸ ವೀರೆ, ಅವಳಿಗೊಂದು ಸಾವು.