ಪಿಎಚ್‌ಪಿ ಭಾಷೆಯಲ್ಲಿ ದೋಷ ನಿರ್ವಹಣೆ

ಪಿಎಚ್‌ಪಿ, ಸರ್ವರ್ ಬದಿಯಲ್ಲಿ ಓಡಿ ಜಾಲಪುಟಗಳನ್ನು ರೂಪಿಸುವ ಸ್ಕ್ರಿಪ್ಟ್ ಭಾಷೆ. ಅದನ್ನು ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದರು. ತಪ್ಪಿದ್ದರೂ ಪುಟ ಹೇಗಾದರೂ ಮೂಡಲಿ ಎಂಬ ಅದರ ಧೋರಣೆ ಹೊಸದಾಗಿ ಕಲಿಯುವವರಿಗೆ ಅನುಕೂಲವಾಯಿತು. ಆದರೆ ಸದ್ದಿಲ್ಲದೆ ಮುಚ್ಚಿಹೋದ ತಪ್ಪೇ ಹೆಚ್ಚು ಹಾನಿಕರ. ಸೊನ್ನೆಯನ್ನು ಅಂಕಿಯಲ್ಲದ ಪದದೊಂದಿಗೆ ಸಡಿಲವಾಗಿ ಹೋಲಿಸಿದರೆ ಎರಡೂ ಸಮ ಎಂಬ ಉತ್ತರ, 2020ರ ಎಂಟನೇ ಆವೃತ್ತಿ ಬರುವವರೆಗೂ ಸಿಗುತ್ತಿತ್ತು.

ಕನ್ನಡಿಗರಿಗೆ ಇಂಥ ಸದ್ದಿಲ್ಲದ ತಪ್ಪು ನೇರವಾಗಿ ತಟ್ಟುವುದು ಪಠ್ಯದಲ್ಲಿ. ‘ಕನ್ನಡ’ ಓದುಗರಿಗೆ ಮೂರಕ್ಷರ; ಯೂನಿಕೋಡ್‌ನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಈ ಭಾಷೆಯ ಸಾಮಾನ್ಯ ಉದ್ದ ಅಳೆಯುವ ಫಂಕ್ಷನ್ ಕೊಡುವುದು 15. ಬೈಟ್ ಲೆಕ್ಕದಲ್ಲೇ ಸಾಲು ಕತ್ತರಿಸಿದರೆ ಅಕ್ಷರ ನಡುವೆ ಒಡೆಯಬಹುದು, ಎಚ್ಚರಿಕೆ ಮಾತ್ರ ಬರುವುದಿಲ್ಲ. ಯೂನಿಕೋಡನ್ನು ಒಳಗೇ ಅಳವಡಿಸಲು ಹೊರಟ ಆರನೇ ಆವೃತ್ತಿಯನ್ನು 2010ರಲ್ಲಿ ಕೈಬಿಡಲಾಯಿತು. ಇಂದಿಗೂ ಬಹುಬೈಟ್ ವಿಸ್ತರಣೆಯ ಫಂಕ್ಷನ್‌ಗಳನ್ನು ಪ್ರೋಗ್ರಾಮರರೇ ನೆನಪಿಟ್ಟು ಬಳಸಬೇಕು. ಭಾರತೀಯ ಲಿಪಿಗಳಿಗೆ ಇದು ಸಣ್ಣ ಕೊರತೆಯಲ್ಲ.

ದೋಷ ನಿರ್ವಹಣೆಯನ್ನು ಬಿಗಿ ಮಾಡಿದರೆ ಹಳೆಯ ತಾಣಗಳು ನಿಲ್ಲುತ್ತವೆ ಎಂಬ ಆಕ್ಷೇಪಕ್ಕೆ ತೂಕವಿದೆ. ಅದಕ್ಕೇ ಬದಲಾವಣೆ ಹಂತಹಂತವಾಗಿ ಬಂತು: 2015ರ ಏಳನೇ ಆವೃತ್ತಿ ಅನೇಕ ಮಾರಕ ದೋಷಗಳನ್ನು ಹಿಡಿದು ನಿಭಾಯಿಸಬಹುದಾದಂತೆ ಮಾಡಿತು; ಎಂಟನೆಯದು ಬೆಲೆ ಕೊಡದ ವೇರಿಯಬಲ್ ಬಳಸಿದರೆ ಬರುವ ಸೌಮ್ಯ ಸೂಚನೆಯನ್ನು ಎಚ್ಚರಿಕೆಯಾಗಿಸಿತು. ದೋಷದ ವಿವರ ದಾಳಿಕೋರರಿಗೆ ಸುಳಿವಾಗುತ್ತದೆ ಎಂಬ ಆತಂಕವೂ ನಿಜ. ಆದರೆ ಸಾರ್ವಜನಿಕ ತಾಣದಲ್ಲಿ ಅದನ್ನು ತೆರೆಗೆ ತಾರದೆ ಲಾಗ್ ಕಡತಕ್ಕೆ ಬರೆಸುವ ವ್ಯವಸ್ಥೆ ಭಾಷೆಯಲ್ಲೇ ಇದೆ.