ಹಳೇ ಜೀಪಿಗೊಂದು ವೈರಿಂಗ್ ಕಿಟ್

ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಇನ್ನೂ ಓಡುತ್ತಿರುವ ಹಳೇ ಜೀಪುಗಳ ಎಂಜಿನ್ ಬಗ್ಗೆಯೋ ಗೇರ್‌ಬಾಕ್ಸ್ ಬಗ್ಗೆಯೋ ಕೇಳಿ ನೋಡಿ, ಯಜಮಾನರು ಕಾಫಿ ಕೊಟ್ಟು ಕೂರಿಸಿ ಮಾತಾಡುತ್ತಾರೆ. ವೈರಿಂಗ್ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಾರೆ. ಕಾರಣ ನನಗೆ ಗೊತ್ತು. ನನ್ನ ಅಪ್ಪ ಕೊಂಡ ಮಹೀಂದ್ರ ಸಿಜೆ-3ಬಿ ಜೀಪಿನ ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿದರೆ ಮೂರು ಕಾಲದ, ಮೂರು ಜನ ಮೇಸ್ತ್ರಿಗಳ ಕೈಗೆಲಸ ಒಂದರ ಮೇಲೊಂದು ಕೂತಿತ್ತು. ಇಂಥ ಗಾಡಿಗೆ ಅಂಗಡಿಯ ಸಿದ್ಧ ಕಿಟ್ ಯಾಕೆ ಕೂರುವುದಿಲ್ಲ ಅನ್ನುವುದಕ್ಕೆ ಜೀಪಿನ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕು.

ಎರಡನೇ ಮಹಾಯುದ್ಧದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಮಾಡಿದ ಜೀಪುಗಳು ಆರು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಹೆಚ್ಚಿನವು 6 ವೋಲ್ಟಿನವು. ಯುದ್ಧ ಮುಗಿದ ಮೇಲೆ ಮಿಲಿಟರಿ ಮಾರಿದ ಗಾಡಿಗಳು ನಮ್ಮ ದೇಶದ ಎಸ್ಟೇಟುಗಳಿಗೂ ಬಂದವು. 1945ರಲ್ಲಿ ಮಹೀಂದ್ರ ಸಹೋದರರೂ ಮಲಿಕ್ ಗುಲಾಂ ಮುಹಮ್ಮದರೂ ಸೇರಿ ಕಟ್ಟಿದ ಕಂಪನಿಯ ಹೆಸರು ಮೊದಲು ಮಹೀಂದ್ರ ಅಂಡ್ ಮುಹಮ್ಮದ್. ದೇಶ ಇಬ್ಭಾಗವಾದಾಗ ಮುಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಆ ದಶಕದ ಕೊನೆಗೆ ಬೊಂಬಾಯಿಯ ಮಜಗಾಂವ್‌ನಲ್ಲಿ ಬಿಡಿಭಾಗಗಳಾಗಿ ಬಂದ ವಿಲ್ಲೀಸ್ ಜೀಪುಗಳ ಜೋಡಣೆ ಶುರುವಾಯಿತು. ಅಮೆರಿಕದಲ್ಲಿ ಸಿಜೆ-3ಬಿ ಹುಟ್ಟಿದ್ದು 1953ರಲ್ಲಿ, ನಿಂತದ್ದು 1968ರಲ್ಲಿ. ಎತ್ತರದ ಬಾನೆಟ್ಟಿನ ಆ ಮಾದರಿ ನಮ್ಮಲ್ಲಿ ಆಮೇಲೂ ದಶಕಗಟ್ಟಲೆ ತಯಾರಾಯಿತು. ಅಷ್ಟು ವರ್ಷ ಮೈ ಒಂದೇ ಇತ್ತು, ಒಳಗಿನ ಕರೆಂಟು ಮಾತ್ರ ಬದಲಾಗುತ್ತಲೇ ಹೋಯಿತು.

ಹಳೆಯ ವೈರು ಹೇಗಿತ್ತು ಅಂದರೆ, ತಾಮ್ರದ ಎಳೆಗಳ ಮೇಲೆ ರಬ್ಬರು, ಅದರ ಮೇಲೆ ಹತ್ತಿ ದಾರದ ಹೆಣಿಗೆ, ಅದಕ್ಕೆ ಮೆರುಗೆಣ್ಣೆ. ಯಾವ ವೈರು ಎಲ್ಲಿಗೆ ಅಂತ ಗೊತ್ತಾಗಲು ಹೆಣಿಗೆಯಲ್ಲೇ ಬೇರೆ ಬಣ್ಣದ ಒಂದೆರಡು ಎಳೆ ಸೇರಿಸುತ್ತಿದ್ದರು. ನೋಡಲು ಚಂದ, ಆದರೆ ಮಲೆನಾಡಿನ ಮಳೆಗಾಲಕ್ಕೆ ಮಾಡಿದ್ದಲ್ಲ. ಹೆಣಿಗೆ ನೀರು ಹೀರುತ್ತದೆ, ಬೂಸ್ಟು ಹಿಡಿಯುತ್ತದೆ, ಒಳಗಿನ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಬಗ್ಗಿಸಿದರೆ ಒಣಗಿದ ಅಡಿಕೆ ಸಿಪ್ಪೆಯ ಹಾಗೆ ಉದುರುತ್ತದೆ. ತಾಮ್ರ ಗಟ್ಟಿಯಾಗಿಯೇ ಇರುತ್ತದೆ, ಹೋಗುವುದು ಹೊದಿಕೆ. ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ.

ಆಮೇಲೆ 12 ವೋಲ್ಟ್ ಬಂತು. 45 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬು 6 ವೋಲ್ಟಿನಲ್ಲಿ ಏಳೂವರೆ ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನಲ್ಲಿ ಅದರರ್ಧ ಸಾಕು. ಹಾಗಾಗಿ ಬಲ್ಬು, ಕಾಯಿಲ್, ಬ್ಯಾಟರಿ ಬದಲಿಸಿದ ಮೇಸ್ತ್ರಿಗಳು ಹಳೆಯ ದಪ್ಪ ವೈರನ್ನು ಇದ್ದಲ್ಲೇ ಬಿಟ್ಟರು. ಲೆಕ್ಕ ಸರಿಯೇ ಇತ್ತು, ಸವೆದ ಹೊದಿಕೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಬಣ್ಣದ ಗೊಂದಲ ಇನ್ನೊಂದು. ಜೀಪಿನ ಬಣ್ಣಗಳು ಅಮೆರಿಕದ ಲೆಕ್ಕದವು. ನಮ್ಮ ಎಲೆಕ್ಟ್ರಿಷಿಯನ್‌ಗಳು ಕಲಿತದ್ದು ಬ್ರಿಟಿಷ್ ಮೂಲದ ಅಂಬಾಸಡರ್ ಥರದ ಗಾಡಿಗಳಲ್ಲಿ. ಅಲ್ಲಿ ಲೂಕಾಸ್ ಕಂಪನಿಯ ಪದ್ಧತಿ: ಬ್ಯಾಟರಿಯಿಂದ ಬರುವ ಮುಖ್ಯ ವೈರು ಕಂದು, ಇಗ್ನಿಷನ್ನು ಬಿಳಿ, ಹೆಡ್‌ಲೈಟು ನೀಲಿ, ಸೈಡ್ ಲ್ಯಾಂಪು ಕೆಂಪು, ಅರ್ತ್ ಕಪ್ಪು. 1961ರಲ್ಲಿ ಲೂಕಾಸ್-ಟಿವಿಎಸ್ ಮದ್ರಾಸಿಗೆ ಬಂದ ಮೇಲಂತೂ ದಕ್ಷಿಣದ ಗ್ಯಾರೇಜುಗಳಲ್ಲಿ ಲೂಕಾಸ್ ಅನ್ನುವುದು ಮನೆಮಾತಾಯಿತು. ಹೀಗಾಗಿ ಒಂದೇ ಜೀಪಿನ ಮುಂಭಾಗ ಅಮೆರಿಕ, ಹಿಂಭಾಗ ಇಂಗ್ಲೆಂಡು, ಮಧ್ಯೆ ಅಂಗಡಿಯಲ್ಲಿ ಆ ದಿನ ಸಿಕ್ಕಿದ ಬಣ್ಣ.

ಡೀಸೆಲ್ ಬಂದಾಗ ಕಲಸುಮೇಲೋಗರ ಪೂರ್ತಿಯಾಯಿತು. ಎಂಬತ್ತರ ದಶಕದಲ್ಲಿ ಮಹೀಂದ್ರದ ಎಂಎಂ540 ಜೀಪು ಪ್ಯೂಜೋ ಡೀಸೆಲ್ ಎಂಜಿನ್ ಹೊತ್ತು ಬಂತು. ಪೆಟ್ರೋಲಿನ ದರ ಸಹಿಸದ ತೋಟದವರು ಹಳೇ ಜೀಪುಗಳಿಗೂ ಮ್ಯಾಟಡೋರಿನದೋ ಮತ್ತೊಂದರದೋ ಡೀಸೆಲ್ ಎಂಜಿನ್ ಕೂರಿಸಿದರು. ಕಾಯಿಲ್, ಡಿಸ್ಟ್ರಿಬ್ಯೂಟರ್ ಹೋಯಿತು, ಅವುಗಳ ವೈರು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವ ಹಾಗೆ ಜೋತುಬಿತ್ತು. ಹೀಟರ್ ಪ್ಲಗ್ಗಿಗೆ ಬೆರಳು ದಪ್ಪದ ಹೊಸ ವೈರು ಬಂತು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಹಳೇ ಜೀಪಿನಲ್ಲಿ ಚಾರ್ಜಿನ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಡೈನಮೋ ಕೊಡುತ್ತಿದ್ದುದಕ್ಕೆ ಸಾಕಾಗಿದ್ದ ಆ ವೈರು ದೊಡ್ಡ ಆಲ್ಟರ್ನೇಟರಿನ ಹೊರೆಗೆ ಕಾಯುತ್ತದೆ. ಜೀಪಿನಿಂದ ಸುಟ್ಟ ವಾಸನೆ ಬಂತು ಅಂದರೆ ನಾನು ಮೊದಲು ಕೈಯಿಡುವುದು ಅಲ್ಲಿಗೇ.

ಇನ್ನು ಕಿಟ್. ಅಮೆರಿಕದಲ್ಲಿ ಹತ್ತಿ ಹೆಣಿಗೆಯ ಹಳೇ ಮಾದರಿಯ ಕಿಟ್ ಈಗಲೂ ಮಾಡಿ ಮಾರುತ್ತಾರೆ. ಬೆಲೆ ನೂರಾರು ಡಾಲರ್, ಸಾಗಣೆ ಮತ್ತು ಸುಂಕ ಬೇರೆ. ಪ್ರದರ್ಶನದ ಜೀಪಿಗೆ ಅದೇ ಸರಿ, ಗೊಬ್ಬರ ಹೊರುವ ಜೀಪಿಗೆ ಯಾರು ಹಾಕುತ್ತಾರೆ? ಬೆಂಗಳೂರಿನ ಟೌನ್‌ಹಾಲಿನಿಂದ ಮಿನರ್ವ ಸರ್ಕಲ್‌ವರೆಗಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಜೀಪಿನ ಕಿಟ್ ಕೇಳಿದರೆ ಪ್ಲಾಸ್ಟಿಕ್ ಚೀಲದಲ್ಲಿ ಸುರುಳಿ ಸುತ್ತಿದ್ದನ್ನು ತಂದಿಡುತ್ತಾರೆ. ಒಂದು ಟೈರಿನ ಬೆಲೆಯೂ ಇಲ್ಲ. ಕೆಲವು ಚೆನ್ನಾಗಿವೆ. ಕೆಲವನ್ನು ಕೊಳ್ಳುವ ಮುಂಚೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಹಾಗೆ ಕೆರೆದಾಗ ಒಬ್ಬ ಅಂಗಡಿಯವರು, "ಸಾರ್, ನೀವು ಚಿನ್ನದಂಗಡಿಗೆ ಹೋಗಿ" ಅಂದರು. ಅವರ ಕಿಟ್ ಬೆಳ್ಳಗೇ ಇತ್ತು.

ನಮ್ಮ ಸೀಮೆಯಲ್ಲಿ ಇದಕ್ಕೆ ಹಳೆಯ ಪರಿಹಾರವೊಂದಿದೆ, ಅದನ್ನು ಕಟ್ಟಿದವರು ಆಟೋ ಎಲೆಕ್ಟ್ರಿಷಿಯನ್‌ಗಳು. ನನ್ನ ಜೀಪಿನ ಕೆಲಸ ಮಾಡಿದ ಮೇಸ್ತ್ರಿಯದು ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಅಂಗಡಿಗೆ ಅಂಟಿದ ಒಂದು ಮಳಿಗೆ. "ಗೌಡ್ರೇ, ಹಳೇದನ್ನ ಕತ್ತರಿಸಬೇಡಿ, ಹಂಗೇ ಇಡಿಯಾಗಿ ಬಿಚ್ಚಿ ತನ್ನಿ" ಅಂದಿದ್ದರು. ಬಿಚ್ಚಿದ್ದನ್ನು ಪ್ಲೈವುಡ್ ಹಲಗೆಯ ಮೇಲೆ ಹರಡಿ, ಕವಲೊಡೆಯುವ ಕಡೆಯಲ್ಲೆಲ್ಲ ಮೊಳೆ ಹೊಡೆದರು. ಹಳೆಯದನ್ನು ಎತ್ತಿದ ಮೇಲೆ ಮೊಳೆಗಳೇ ನಕ್ಷೆಯಾದವು. ಹೊಸ ಪಿವಿಸಿ ವೈರನ್ನು ಆ ಮೊಳೆಗಳ ನಡುವೆ ಒಂದೊಂದಾಗಿ ಎಳೆದು, ತುದಿಗೆ ಗೇಣುದ್ದ ಹೆಚ್ಚಿಗೆ ಬಿಟ್ಟು ಕತ್ತರಿಸಿದರು. ಲಗ್ಸ್ ಒತ್ತಿ ಬೆಸುಗೆ ಹಾಕಿ, ಸ್ಲೀವ್ ಎಳೆದು, ಅಂಟಿಲ್ಲದ ಬಟ್ಟೆಯ ಟೇಪು ಸುತ್ತಿದರು. ಅಂಟಿನ ಟೇಪು ಎಂಜಿನ್ನಿನ ಕಾವಿಗೆ ಕರಗಿ ಮಣ್ಣು ಹಿಡಿಯುತ್ತದಂತೆ. ಕಾಲಲ್ಲಿ ಒತ್ತುವ ಡಿಪ್ಪರ್ ಸ್ವಿಚ್ಚಿನ ವೈರನ್ನು ಮಾತ್ರ ನಡುವೆ ಬಿಚ್ಚಿ ಸೇರಿಸಲು ಬರುವ ಹಾಗೆ ಬೇರೆಯಾಗಿ ಇಟ್ಟರು. ಪಾದದ ಕೆಸರು, ನೀರೆಲ್ಲ ಆ ಸ್ವಿಚ್ಚಿಗೇ ಇಳಿಯುವುದರಿಂದ ಮೊದಲು ಹಾಳಾಗುವುದು ಅದೇ. ಹಳೇ ಜೀಪಿನಲ್ಲಿ ಇರದಿದ್ದ ಫ್ಯೂಸ್ ಬಾಕ್ಸು, ಹೆಡ್‌ಲೈಟಿಗೊಂದು ರಿಲೇ ಸೇರಿಸಿದರು.

ದೊಡ್ಡ ಕಾರ್ಖಾನೆಗಳಲ್ಲೂ ವೈರಿಂಗ್ ಹಾರ್ನೆಸ್ ಜೋಡಿಸುವುದು ಇಂಥದೇ ಹಲಗೆಯ ಮೇಲೆ, ಕೈಯಿಂದಲೇ. ಮಾರುತಿಯ ಕಾಲದಲ್ಲಿ ಮದರ್‌ಸನ್ ಕಂಪನಿ ಜಪಾನಿನ ಸುಮಿಟೊಮೊ ಜತೆ ಸೇರಿ ಆ ಉದ್ಯಮವನ್ನು ಇಲ್ಲಿ ದೊಡ್ಡದಾಗಿ ಬೆಳೆಸಿತು. ಅವರ ಹಲಗೆ ಸಾವಿರಾರು ಗಾಡಿಗಳಿಗೆ ಒಂದು, ನಮ್ಮ ಮೇಸ್ತ್ರಿಯದು ಒಂದೇ ಗಾಡಿಗೆ. ಆದರೂ ಒಟ್ಟು ಖರ್ಚು ಒಳ್ಳೆಯ ಸಿದ್ಧ ಕಿಟ್ ಕೊಂಡು ಅದನ್ನು ಕತ್ತರಿಸಿ ಹೊಂದಿಸುವುದಕ್ಕಿಂತ ಕಡಿಮೆಯೇ ಬಿತ್ತು. ಆ ಖರ್ಚಿನಲ್ಲಿ ದೊಡ್ಡ ಪಾಲು ತಾಮ್ರದ್ದು, ಮೇಸ್ತ್ರಿ ತಮ್ಮ ಕೆಲಸಕ್ಕೆ ಕೇಳಿದ್ದು ಕಮ್ಮಿ. ಕೇಳಬೇಕಾದ್ದಕ್ಕಿಂತ ಕಮ್ಮಿ ಅಂತಲೇ ನನ್ನ ಅಭಿಪ್ರಾಯ.

ಖಾಸಗಿ ಗಾಡಿಗೆ 15 ವರ್ಷವಾದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಹಾರ್ನು, ಡಿಮ್-ಡಿಪ್ಪು, ಬ್ರೇಕ್ ಲೈಟು ಇಲ್ಲದೆ ಇನ್‌ಸ್ಪೆಕ್ಟರ ಮುಂದೆ ನಿಲ್ಲಲಾಗದು. ಆ ದಿನ ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಹಳೇ ವೈರಿಂಗನ್ನು ಕತ್ತರಿಸಿ ಗುಜರಿಗೆ ಹಾಕುವವರೇ ಹೆಚ್ಚು. ಜೀಪಿದ್ದವರು ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೇ ಕೊಳೆತಿರಲಿ, ಇಡಿಯಾಗಿ ಬಿಚ್ಚಿ, ಪ್ರತಿ ತುದಿಗೂ ಚೀಟಿ ಕಟ್ಟಿ ಅಟ್ಟದ ಮೇಲಿಡಿ. ಹಲಗೆಗೆ ಮೊಳೆ ಹೊಡೆಯಬಲ್ಲ ಮೇಸ್ತ್ರಿಗೆ ಬೇಕಾದ ಅಳತೆಯೆಲ್ಲ ಅದರಲ್ಲೇ ಇದೆ.